ಸ್ಟಾರ್ಟ್ ಗುಂಡಿ ಇಲ್ಲದ ಎರಡನೆಯವನು

ನಾನು ಒಂದು ವಿಡಿಯೋ ಗೇಮಿನ ರಿಮೋಟು. ಅದರಲ್ಲೂ ಎರಡನೆಯ ರಿಮೋಟು. ಈ ‘ಎರಡನೆಯ’ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನನ್ನ ಹೊಟ್ಟೆಯೊಳಗಿನ ಉರಿ ಹೊತ್ತಿಕೊಂಡಿದ್ದೇ ಅಲ್ಲಿಂದ.

ಕಡಲಾಚೆಯ ಯಾವುದೋ ಊರಿನ ಕಾರ್ಖಾನೆಯಲ್ಲಿ ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಿಂಡಿ ನನ್ನನ್ನು ಮಾಡಿದರು. ನನಗಿಂತ ಒಂದು ಗಳಿಗೆ ಮೊದಲು ಅದೇ ಸಾಲಿನಲ್ಲಿ ನನ್ನ ಅಣ್ಣ ಹುಟ್ಟಿದ. ಅದೇ ಬೂದು ಬಣ್ಣ, ಅದೇ ಉದ್ದದ ವೈರು. ಎಡಗಡೆ ನಾಲ್ಕು ದಿಕ್ಕಿಗೆ ಒತ್ತುವ ಕಪ್ಪು ಗುಂಡಿ, ಬಲಗಡೆ ಎರಡು ಕೆಂಪು ಗುಂಡಿ. ಇಲ್ಲಿಯವರೆಗೆ ನಾವಿಬ್ಬರೂ ಒಂದೇ. ಆದರೆ ಅವನ ನಡುವೆ ಇನ್ನೊಂದು ಪುಟ್ಟ ಗುಂಡಿಯಿತ್ತು. ಅದೇ ಸ್ಟಾರ್ಟ್ ಗುಂಡಿ. ಅದನ್ನು ಒತ್ತದೆ ಯಾವ ಆಟವೂ ಶುರುವಾಗುವುದಿಲ್ಲ. ನನ್ನ ಮೈಮೇಲೆ ಆ ಜಾಗ ಬೋಳು. ಒಬ್ಬ ಶುರು ಮಾಡಿದರೆ ಸಾಕು, ಎರಡನೆಯವನಿಗೆ ಅದೆಲ್ಲ ಏಕೆ ಎಂದು ಮಾಡಿದವರು ಯೋಚಿಸಿರಬೇಕು. ಅವರಿಗೆ ತಮ್ಮಂದಿರು ತಂಗಿಯರು ಯಾರೂ ಇರಲಿಲ್ಲವೋ ಏನೋ!

ಒಂದೇ ಪೆಟ್ಟಿಗೆಯಲ್ಲಿ, ಒಂದೇ ಥರ್ಮಾಕೋಲಿನ ಹಾಸಿಗೆಯಲ್ಲಿ ನಾವು ಮಲಗಿಕೊಂಡು ಬಂದೆವು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲೂ ಅವನು ಮುಂದೆ, ನಾನು ಅವನ ಹಿಂದೆ ಅರ್ಧ ಮರೆ.

ನಮ್ಮನ್ನು ಕೊಂಡವರು ಚನ್ನರಾಯಪಟ್ಟಣದ ಶಿವನಂಜೇಗೌಡರು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಗಿರಣಿಯಿಂದ ನೇರ ಬಂದವರು ಕೈ ಸಹ ತೊಳೆಯದೆ ಪೆಟ್ಟಿಗೆ ಬಿಚ್ಚಿದರು. ಆವತ್ತು ನನ್ನ ಸಂದಿಗೆ ಹೊಕ್ಕ ರಾಗಿ ಹಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ಅವರಿಗೆ ಇಬ್ಬರು ಮಕ್ಕಳು. ದೊಡ್ಡವನು ಧರಣೇಶ, ಚಿಕ್ಕವಳು ಕುಮುದ.

“ನಂದು!” ಎಂದು ಧರಣೇಶ ನನ್ನ ಅಣ್ಣನನ್ನು ಎತ್ತಿಕೊಂಡ. ಆಮೇಲೆ ನನ್ನ ವೈರು ಹಿಡಿದು ಇಲಿಯ ಬಾಲ ಹಿಡಿದ ಹಾಗೆ ಎತ್ತಿ ತಂಗಿಯ ಕಡೆ ಚಾಚಿದ. “ತಗಾ, ಇದು ನಿಂಗೆ.”

ಕುಮುದ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಅವಳ ಮೊದಲ ಪ್ರಶ್ನೆಯೇ ನನಗೆ ಚುಚ್ಚಿತು. “ಅಣ್ಣಂದ್ರಲ್ಲಿ ಮಧ್ಯ ಒಂದು ಗುಂಡಿ ಐತೆ. ನಂದ್ರಲ್ಲಿ ಯಾಕಿಲ್ಲ?”

“ನೀನು ಚಿಕ್ಕೋಳು ಅದ್ಕೆ,” ಎಂದ ಧರಣೇಶ. ಆ ಉತ್ತರ ಕೇಳಿ ಇಬ್ಬರಿಗೂ ಮುಖ ಚಿಕ್ಕದಾಯಿತು, ಅವಳಿಗೂ ನನಗೂ. ಅವತ್ತಿನಿಂದ ನಾವಿಬ್ಬರೂ ಒಂದು ಕಡೆ.

ಮೊದಮೊದಲು ಟ್ಯಾಂಕಿನ ಆಟ. ಅದರಲ್ಲಿ ಇಬ್ಬರಿಗೂ ಒಂದೊಂದು ಟ್ಯಾಂಕು, ಕೂಡಿ ಕೋಟೆ ಕಾಯಬೇಕು. ಆ ದಿನಗಳು ನನ್ನ ಬಾಳಿನ ಹಬ್ಬ. ಕುಮುದಳ ಹೆಬ್ಬೆರಳಿಗೆ ಎಂಥ ಬಲ! ಗುಂಡಿ ಒತ್ತುವಾಗ ತುಟಿಯನ್ನೂ ಒತ್ತುತ್ತಿದ್ದಳು. ಆದರೆ ಅವಳ ಗುಂಡು ಶತ್ರುವಿಗಿಂತ ಹೆಚ್ಚಾಗಿ ಅಣ್ಣನ ಟ್ಯಾಂಕಿಗೇ ಬೀಳುತ್ತಿತ್ತು. ಕೈ ತಪ್ಪಿ ಎಂದು ಅವಳು ಹೇಳುತ್ತಿದ್ದಳು. ಕೈ ಹಿಡಿದಿದ್ದವನು ನಾನು, ಅದು ತಪ್ಪಿ ಅಲ್ಲ ಎಂದು ನನಗೆ ಗೊತ್ತು.

ಧರಣೇಶನಿಗೆ ರೇಗಿತು. ಅವನು ಕ್ಯಾಸೆಟ್ಟು ಬದಲಿಸಿ ಬೈಕ್ ರೇಸಿನ ಆಟ ಹಾಕಿದ. ಅದು ಒಬ್ಬನೇ ಆಡುವ ಆಟ. ಪರದೆಯ ಮೇಲೆ ಐದಾರು ಬೈಕು ಓಡುತ್ತವೆ, ಅದರಲ್ಲಿ ಒಂದನ್ನು ಮಾತ್ರ ನಾವು ಓಡಿಸಬಹುದು, ಉಳಿದವು ತಾವಾಗಿ ಓಡುತ್ತವೆ. ತಂಗಿ ಅತ್ತು ರಂಪ ಮಾಡಿದಳು. ಆಗ ಅವನು ಟಿ.ವಿ. ಸ್ಟ್ಯಾಂಡಿನೊಳಗೆ ಕೈ ಹಾಕಿ, ಅವ್ವ ಹೆಣೆದು ಇಳಿಬಿಟ್ಟಿದ್ದ ಲೇಸಿನ ಬಟ್ಟೆಯ ಮರೆಯಲ್ಲಿ, ನನ್ನ ವೈರನ್ನು ಮೆಷಿನ್ನಿನಿಂದ ಕಿತ್ತ. ಕಿತ್ತು, ಮುಖದಲ್ಲಿ ಏನೂ ತೋರಿಸದೆ ಬಂದು ಕೂತ.

“ಅಳಬೇಡ. ಆ ಹಸಿರು ಬೈಕು ನಿಂದು. ಓಡ್ಸು.”

ಅವಳು ಓಡಿಸಿದಳು! ನಾನೇನು ಹೇಳಲಿ? ಹಸಿರು ಬೈಕು ಗುಡ್ಡ ಹಾರಿದರೆ ಅವಳೂ ಹಾರುತ್ತಿದ್ದಳು. ಅದು ಬಿದ್ದರೆ ನನ್ನನ್ನು ಎದೆಗೆ ಒತ್ತಿಕೊಂಡು “ನಾನೇ ಜೋರು ಒತ್ತಿಬಿಟ್ಟೆ” ಎಂದು ಪೇಚಾಡುತ್ತಿದ್ದಳು. ಒಮ್ಮೊಮ್ಮೆ ಅದು ತಾನಾಗಿ ಗೆಲ್ಲುತ್ತಿತ್ತು. ಆಗ ಅವಳು ಗಿರಣಿಯವರೆಗೂ ಓಡಿಹೋಗಿ ಅಪ್ಪನಿಗೆ ಹೇಳಿ ಬರುತ್ತಿದ್ದಳು. ಪಕ್ಕದಲ್ಲಿ ಅಣ್ಣ ರಿಮೋಟು ನಿಜವಾಗಿ ದುಡಿಯುತ್ತ, ನಿಜವಾಗಿ ಬಿಸಿಯಾಗುತ್ತ ಕೂತಿರುತ್ತಿದ್ದ. ಅವನ ಒಂದು ಒತ್ತಿಗೆ ಒಂದು ಬೈಕು ಮಿಸುಕುತ್ತಿತ್ತು. ನನ್ನನ್ನು ಒತ್ತಿದ್ದಕ್ಕೆ ಒಂದು ಸೊಳ್ಳೆಯೂ ಮಿಸುಕುತ್ತಿರಲಿಲ್ಲ. ನನಗೆ ಅವನನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಈ ಮೋಸ ಎರಡು ಬೇಸಿಗೆ ರಜೆ ದಾಟಿ ನಡೆಯಿತು.

ಗೌರಿ ಹಬ್ಬಕ್ಕೆ ಮನೆ ಒರೆಸುವಾಗ ಅವ್ವ ಅದನ್ನು ಕಂಡುಹಿಡಿದರು. ಲೇಸಿನ ಬಟ್ಟೆ ಎತ್ತಿದವರೇ, “ಇದೇನ್ಲಾ ಧರಣಿ, ಇದ್ರ ವೈರು ಕಿತ್ತು ಬಿದ್ದೈತೆ? ಮೂತಿಗೆ ಜೇಡ ಬಲೆ ಕಟ್ಟೈತೆ ನೋಡು,” ಎಂದರು. ಕುಮುದ ಆಗ ನನ್ನನ್ನು ಕೈಯಲ್ಲಿ ಹಿಡಿದೇ ಇದ್ದಳು. ವೈರಿನ ತುದಿ ನೋಡಿದಳು, ಜೇಡದ ಬಲೆ ನೋಡಿದಳು, ಪರದೆಯ ಮೇಲೆ ತಾನಾಗಿ ಓಡುತ್ತಿದ್ದ ಹಸಿರು ಬೈಕು ನೋಡಿದಳು.

ಧರಣೇಶ ಕಿಸಕ್ಕನೆ ನಕ್ಕ. ಅದೊಂದನ್ನು ಅವನು ಮಾಡಬಾರದಿತ್ತು.

ಅವಳು ಅಳಲಿಲ್ಲ. ಅಡುಗೆಮನೆಗೆ ಹೋಗಿ, ಅವ್ವ ಹುರುಳಿಕಾಯಿ ಹೆಚ್ಚುವ ಈಳಿಗೆಮಣೆಯ ಮೇಲೆ ಕೂತು, ನನ್ನ ವೈರನ್ನು ಕೊರಳ ಹತ್ತಿರ ಹಿಡಿದು ಕಚಕ್ ಎಂದು ಕೊಯ್ದಳು. ಗೇಣುದ್ದ ಉಳಿಯಿತು. “ಹೆಂಗೂ ಸುಮ್ನೆ ಇದ್ದಿದ್ ತಾನೆ,” ಎಂದಳು. ಹೊರಗೆ ಬಂದು ಅಣ್ಣನ ಮುಂದೆ ನಿಂತಳು. “ಇನ್ನು ಸಾಯೋಗಂಟ ನಿನ್ ಜೊತೆ ಆಡಲ್ಲ.”

ಮಕ್ಕಳ ಮಾತು, ನಾಳೆ ಮರೆಯುತ್ತಾಳೆ ಎಂದು ಎಲ್ಲರೂ ತಿಳಿದರು. ಕುಮುದ ಎಂಥವಳೆಂದು ಅವರಿಗೆ ಗೊತ್ತಿರಲಿಲ್ಲ.

ನನ್ನನ್ನು ಅವಳು ತನ್ನ ತಗಡಿನ ಟ್ರಂಕಿನಲ್ಲಿ, ಲಂಗಗಳ ಕೆಳಗೆ ಇಟ್ಟುಕೊಂಡಳು. ಕತ್ತಲಲ್ಲಿ ಮಲಗಿ ನಾನು ಹೊರಗಿನ ಸದ್ದು ಕೇಳುತ್ತಿದ್ದೆ. ಟಿ.ವಿ.ಯ ಮುಂದೆ ಅಣ್ಣನ ಗುಂಡಿಗಳು ಟಕಟಕ ಎನ್ನುತ್ತಿದ್ದವು. ವರ್ಷಗಳಾದ ಮೇಲೆ ಆ ಸದ್ದು ಮೆತ್ತಗಾಯಿತು, ಕೊನೆಗೆ ನಿಂತಿತು. ಗುಂಡಿಗಳೆಲ್ಲ ಸವೆದು ಒಳಕ್ಕೆ ಕೂತುಬಿಟ್ಟವಂತೆ, ಮೆಷಿನ್ನಿನ ಜೊತೆ ಅವನನ್ನೂ ಗುಜರಿಯವನಿಗೆ ಹಾಕಿದರಂತೆ. ಒಂದು ಒಳ್ಳೆಯ ರಿಮೋಟಾಗಿದ್ದರೆ ನಾನು ದುಃಖಪಡಬೇಕಿತ್ತು. ನನಗೆ ಬಂದಿದ್ದು ಹೊಟ್ಟೆಕಿಚ್ಚು. ಸವೆಯುವಷ್ಟು ಅವನನ್ನು ಒತ್ತಿದರಲ್ಲ! ನನ್ನ ಗುಂಡಿಗಳು ಅಂಗಡಿಯಿಂದ ಬಂದ ದಿನದ ಹಾಗೆಯೇ ನೆಟ್ಟಗೆ ನಿಂತಿದ್ದವು. ಹೊಸದರ ಹಾಗಿರುವುದು ಎಂಥ ಅವಮಾನ ಎಂದು ಬಳಸದೆ ಬಿದ್ದ ವಸ್ತುವಿಗೆ ಮಾತ್ರ ಗೊತ್ತು.

ಟ್ರಂಕಿನ ಮುಚ್ಚಳ ತೆರೆದಾಗೆಲ್ಲ ಕುಮುದ ಒಂದಿಷ್ಟು ದೊಡ್ಡವಳಾಗಿರುತ್ತಿದ್ದಳು. ಅವಳ ಹೊಟ್ಟೆಯಲ್ಲೂ ನನ್ನದೇ ಉರಿ. ಸೈಕಲ್ಲು ಮೊದಲು ಧರಣೇಶನಿಗೆ, ಅವನು ಬಿಟ್ಟ ಮೇಲೆ ಇವಳಿಗೆ. ಊರಿಗೆ ಹೋದರೆ ಕಿಟಕಿಯ ಸೀಟು ಅವನಿಗೆ. ಧರಣೇಶ ಸರ್ಕಾರಿ ಬಸ್ಸಿನ ಡ್ರೈವರಾದ. ಮರುವರ್ಷ ಇವಳೂ ಅರ್ಜಿ ಹಾಕಿ ಕಂಡಕ್ಟರಾದಳು. “ಅಲ್ಲೂ ಅವ್ನು ಮುಂದೆ, ನಾನು ಹಿಂದೆ,” ಎಂದು ಖಾಕಿ ಸಮವಸ್ತ್ರವನ್ನು ನನ್ನ ಪಕ್ಕ ಮಡಿಸಿಡುವಾಗ ಗೊಣಗಿದಳು. ಡಿಪೋದಲ್ಲಿ ಮೊದಲ ದಿನವೇ ಹೇಳಿಬಿಟ್ಟಳಂತೆ: “ಯಾವ ರೂಟಿಗಾದ್ರೂ ಹಾಕಿ ಸಾರ್. ನಮ್ಮಣ್ಣನ ಬಸ್ಸಿಗೆ ಮಾತ್ರ ಬೇಡ.”

ಅಣ್ಣತಂಗಿಯರ ನಡುವೆ ಜಗಳವಿತ್ತು ಎಂದಲ್ಲ. ಹಬ್ಬಕ್ಕೆ ಬಾಗಿನ ತರುತ್ತಿದ್ದ, ಅವಳ ಮದುವೆಯಲ್ಲಿ ಅತ್ತವನೂ ಅವನೇ. ಆದರೆ ಅವನು ಚೌಕಾಬಾರದ ಮಣೆ ಹರಡಿದರೆ ಅವಳಿಗೆ ಒಲೆಯ ಮೇಲೆ ಏನೋ ನೆನಪಾಗುತ್ತಿತ್ತು. ಇಸ್ಪೀಟು ಹಂಚಿದರೆ ತಲೆನೋವು ಬರುತ್ತಿತ್ತು. ಅವನು ಅದನ್ನು ಗಮನಿಸಿದ್ದನೋ ಇಲ್ಲವೋ, ಬಾಯಿಬಿಟ್ಟು ಒಮ್ಮೆಯೂ ಕೇಳಲಿಲ್ಲ.

ಮದುವೆಯಾದಾಗ ಟ್ರಂಕಿನ ಜೊತೆ ನಾನೂ ಹೋದೆ. ಅವಳ ಗಂಡ ನಾಗಭೂಷಣನಿಗೆ ಬಟ್ಟೆ ಅಂಗಡಿ, ಮನೆ ಎರಡು ಬೀದಿ ಆಚೆ. ಮಗಳು ಇಂಚರ ಹುಟ್ಟಿದ ಮೇಲೆ ನನ್ನನ್ನು ಹೊರಗೆ ತೆಗೆದರು. ಆ ಮಗು ನನ್ನನ್ನು ಫೋನೆಂದು ಕಿವಿಗಿಟ್ಟುಕೊಂಡು ಬೆಳೆಯಿತು. ನನ್ನ ಒಂದು ಮೂಲೆಯಲ್ಲಿ ಅವಳ ಮೊದಲ ಹಲ್ಲುಗಳ ಗುರುತಿದೆ. ಆಮೇಲೆ ಅವಳಿಗೆ ನಿಜವಾದ ಫೋನು ಬಂತು, ನಾನು ಟಿ.ವಿ. ಪಕ್ಕದ ಷೆಲ್ಫಿನಲ್ಲಿ ಗಣೇಶನ ಬೊಂಬೆಯ ಹಿಂದೆ ಕೂತೆ. ಅಲ್ಲಿಂದ ಇಡೀ ನಡುಮನೆ ಕಾಣಿಸುತ್ತದೆ.

ಕಾಣಿಸಿದ್ದೇ ಕಷ್ಟವಾಯಿತು! ಈಗಿನ ಕಾಲದಲ್ಲಿ ಆಡದವರೇ ಇಲ್ಲ. ನಾಗಭೂಷಣ ಅಂಗಡಿ ಮುಚ್ಚಿ ಬಂದು ಸೋಫಾದ ಮೇಲೆ ಒರಗಿದನೆಂದರೆ ಫೋನಿನಲ್ಲಿ ಬಣ್ಣಬಣ್ಣದ ಮಿಠಾಯಿ ಜೋಡಿಸುವ ಆಟ. “ತಲೆ ಹಗುರ ಆಗುತ್ತೆ ಕಣೆ,” ಎನ್ನುತ್ತಾನೆ. ಒಂದು ಹಂತದಲ್ಲಿ ಸಿಕ್ಕಿಕೊಂಡರೆ ಮಾತ್ರ ವಾರವಿಡೀ ಮುಖ ಗಂಟು ಹಾಕಿಕೊಂಡು ಎಲ್ಲರ ಮೇಲೂ ಹರಿಹಾಯುತ್ತಾನೆ. ಪಕ್ಕದ ಮನೆಯ ಪುಟ್ಟತಾಯಮ್ಮನವರು ಫೋನಿನಲ್ಲಿ ಬೇಸಾಯ ಮಾಡುತ್ತಾರೆ. ಅರ್ಧ ಕಾಫಿ ಕುಡಿದು, “ನನ್ ಜೋಳ ಕೊಯ್ಲಿಗ್ ಬಂದೈತೆ ಕಣವ್ವ, ಬತ್ತೀನಿ,” ಎಂದು ಎದ್ದುಬಿಡುತ್ತಾರೆ. ಆಟ ಹೇಗಿದೆ ಎಂದು ಕೇಳಿದರೆ, “ಚೆನ್ನಾಗೈತೆ, ಹಂದಿ ಬರಲ್ಲ, ಆಳುಗಳು ಕೈ ಕೊಡಲ್ಲ. ಆದ್ರೆ ಬೆಳೆದಿದ್ ಒಂದ್ ತೆನೆನೂ ಸುಟ್ಕೊಂಡ್ ತಿನ್ನಕ್ಕಾಗಲ್ಲ ನೋಡು,” ಎನ್ನುತ್ತಾರೆ. ಕಾಲೇಜಿಗೆ ಹೋಗುವ ಇಂಚರಳದು ದ್ವೀಪಕ್ಕೆ ಧುಮುಕಿ ಬಂದೂಕು ಹುಡುಕುವ ಆಟ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಯಾರ್ಯಾರಿಗೋ ಹಿಂದೆ ಬಾ ಮುಂದೆ ಹೋಗು ಎಂದು ಅಪ್ಪಣೆ ಕೊಡುತ್ತಾಳೆ. ಕುಮುದ ಊಟಕ್ಕೆ ಕರೆದರೆ, “ಅಮ್ಮಾ, ಮಧ್ಯದಲ್ಲಿ ನಿಲ್ಸಕ್ಕಾಗಲ್ಲ! ನಾನು ಎದ್ರೆ ಮೂರು ಜನ ಸಾಯ್ತಾರೆ!” ಎಂದು ಕಿರುಚುತ್ತಾಳೆ.

ಗುಂಡಿಯೇ ಇಲ್ಲದ ಗಾಜಿನ ಹಲಗೆಗೆ ಇಷ್ಟೊಂದು ಮುದ್ದು! ಬೆರಳಿನಿಂದ ಸವರುತ್ತಾರೆ, ಒರೆಸುತ್ತಾರೆ, ತಲೆದಿಂಬಿನ ಪಕ್ಕ ಮಲಗಿಸಿಕೊಳ್ಳುತ್ತಾರೆ. ನೆಟ್ಟಗಿನ ಎರಡು ಕೆಂಪು ಗುಂಡಿ ಇಟ್ಟುಕೊಂಡು ನಾನು ಬೊಂಬೆಯ ಹಿಂದೆ ದೂಳು ತಿನ್ನುತ್ತಿದ್ದೆ.

ಅಷ್ಟು ಸಾಲದು ಎಂಬಂತೆ ಬಿಳಿಯವನು ಬಂದ. ಇಂಚರ ಹಟ ಹಿಡಿದು ಅಪ್ಪನ ಕೈಲಿ ಟಿ.ವಿ.ಗೆ ಹೊಸ ಗೇಮ್ ಮೆಷಿನ್ನು ತರಿಸಿದಳು. ಅದರ ಜೊತೆ ಬಂದ ಬಿಳಿ ಕಂಟ್ರೋಲರಿಗೆ ವೈರೇ ಇಲ್ಲ. ಹಣೆಯಲ್ಲಿ ನೀಲಿ ದೀಪ. ಗುಂಡಿಗಳಂತೂ ಮೈತುಂಬ, ಸ್ಟಾರ್ಟಿಗೆ ಒಂದಲ್ಲ, ಅದರ ಸುತ್ತ ಇನ್ನೂ ಮೂರು. ಪರದೆಯಲ್ಲಿ ಏನಾದರೂ ಗುದ್ದಿದರೆ ಗುಡುಗುಡು ಎಂದು ಅವನ ಮೈಯೂ ನಡುಗುತ್ತದೆ. ನನ್ನ ಪಕ್ಕದಲ್ಲೇ ಅವನನ್ನು ಚಾರ್ಜಿಗಿಟ್ಟರು. ಅಣ್ಣನ ಮೇಲಿನ ಕಿಚ್ಚು ಆರುವ ಮೊದಲೇ ಇವನ ಮೇಲೆ ಹೊಸದು ಹತ್ತಿಕೊಂಡಿತು.

ಆ ಹೊತ್ತಿಗೆ ಧರಣೇಶನಿಗೆ ಕಷ್ಟ ಬಂದಿತ್ತು. ಸಕ್ಕರೆ ಕಾಯಿಲೆ ಏರಿ ಬಲಗಾಲಿನ ಪಾದಕ್ಕೆ ಸ್ಪರ್ಶವೇ ತಿಳಿಯದಾಗಿತ್ತು. ಪಾದದ ಕೆಳಗೆ ಬ್ರೇಕಿದೆಯೋ ಇಲ್ಲವೋ ತಿಳಿಯದವನ ಕೈಗೆ ಬಸ್ಸು ಕೊಡುವುದಿಲ್ಲ, ಅದು ಸರಿಯೂ ಹೌದು. ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕಣ್ಣ ಮುಂದೆ ಬಸ್ಸುಗಳು ಹೊರಗೆ ಹೋಗಿ ಒಳಗೆ ಬರುತ್ತವೆ, ಇವನು ಕಬ್ಬಿಣದ ಗೇಟು ಎಳೆಯಬೇಕು. ಮನುಷ್ಯ ಇಳಿದುಹೋದ. ಸಂಜೆ ತಂಗಿಯ ಮನೆಗೆ ಬಂದು ಟಿ.ವಿ.ಯನ್ನು ಸುಮ್ಮನೆ ದಿಟ್ಟಿಸುತ್ತಿದ್ದ. ಎದುರಿಗಿಟ್ಟ ಕಾಫಿ ಆರಿ ಕೆನೆಗಟ್ಟುತ್ತಿತ್ತು. ಅವನ ಸ್ಥಿತಿ ನೋಡಿ ನನಗೆ ಮರುಕ ಬಂತು ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಹಿಂದಿನ ಸೀಟು ಹೇಗಿರುತ್ತದೆ ಎಂದು ಈಗ ಗೊತ್ತಾಗಲಿ ಎಂದೂ ಅನ್ನಿಸಿತು.

ಇಂಚರಳಿಗೆ ಮಾವನೆಂದರೆ ಪ್ರಾಣ. ಹುಡುಕಿ ಹುಡುಕಿ ಒಂದು ಬಸ್ಸು ಓಡಿಸುವ ಆಟ ಹಾಕಿದಳು. ಅದರೊಳಗೆ ಬಸ್ಸಿಗೆ ಬಣ್ಣ ಬಳಿಯಬಹುದು, ಬೋರ್ಡು ಬರೆಯಬಹುದು. ಕೆಂಪು ಬಸ್ಸು ಮಾಡಿ, ಹಣೆಗೆ ‘ಚನ್ನರಾಯಪಟ್ಟಣ – ಹಾಸನ’ ಎಂದು ಬರೆದು, ಬಿಳಿಯವನನ್ನು ಮಾವನ ಕೈಗಿಟ್ಟಳು.

ಧರಣೇಶ ನೆಟ್ಟಗೆ ಕೂತ. ಎಷ್ಟೋ ದಿನದ ಮೇಲೆ ಅವನ ಬೆನ್ನು ನೆಟ್ಟಗಾಗಿತ್ತು. ಎಂಜಿನ್ನು ಹೊತ್ತಿಸಿದ. ಎಡಗಡೆಯ ಕನ್ನಡಿ ನೋಡಿದ. ಜನ ಹತ್ತಿದರು, ಬಾಗಿಲು ಮುಚ್ಚಿತು. ಬಸ್ಸು ಮಾತ್ರ ನಿಂತಲ್ಲೇ ನಿಂತಿತು.

“ಮಾವ, ಹೋಗಿ! ಬಲಗಡೆ ಗುಂಡಿ ಒತ್ತಿ.”

“ಗೊತ್ತು ಕಣವ್ವ.”

“ಮತ್ತೆ? ಸಿಗ್ನಲ್ಲು ಹಸಿರಿದೆ.”

“ಆ ಸಿಗ್ನಲ್ಲಲ್ಲ.” ಅವನು ನಾಚಿಕೊಂಡ. “ಕಂಡಕ್ಟ್ರು ರೈಟ್ ಅಂದಿಲ್ಲ.”

ನಾಗಭೂಷಣ ಮಿಠಾಯಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಫಿಗೆ ಬಂದಿದ್ದ ಪುಟ್ಟತಾಯಮ್ಮನವರೂ ನಕ್ಕರು. ಧರಣೇಶನೂ ನಗುತ್ತ ಗುಂಡಿಯ ಮೇಲೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ಒತ್ತಲು ಆಗಲಿಲ್ಲ. ಬಸ್ಸಿನಲ್ಲಿ ಕಳೆದ ಬಾಳು ಪೂರ್ತಿ, ಹಿಂದಿನಿಂದ ಸದ್ದು ಬಾರದೆ ಅವನು ಒಂದು ಗೇಣು ಕದಲಿದವನಲ್ಲ. ಇಂಚರ ತನ್ನ ಫೋನಿನಿಂದ ಕಣ್ಣೆತ್ತದೆ, “ಸರಿ, ರೈಟ್ ರೈಟ್!” ಎಂದಳು. ಅವನು ಕನ್ನಡಿ ನೋಡಿ ಕೈ ತಡೆದ.

“ನೋಡ್ದೆ ಹೇಳ್ತೀಯಲ್ಲವ್ವ. ಹಿಂದ್ಗಡೆ ಬಾಗ್ಲಲ್ಲಿ ಇನ್ನೂ ಒಬ್ರು ಹತ್ತುತಾವ್ರೆ. ನಾನು ಎಳೆದ್ರೆ ಬೀಳಲ್ವಾ?”

“ಅದು ಬೊಂಬೆ ಮಾವ!”

“ಆದ್ರೂ.” ಅವನು ಬಿಳಿಯವನನ್ನು ಮೆಲ್ಲಗೆ ಕೆಳಗಿಟ್ಟ. ಮುಖದಲ್ಲಿದ್ದ ನಗು ಇಳಿದುಹೋಗಿತ್ತು. “ಬೇಡ ಬಿಡು. ನನ್ ಕೈಲಿ ಇದೂ ಆಗಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಕುಮುದ ನಿಂತಿದ್ದಳು. ಆಗಷ್ಟೇ ಡ್ಯೂಟಿಯಿಂದ ಬಂದಿದ್ದಳು, ಖಾಕಿಯನ್ನೂ ಬದಲಿಸಿರಲಿಲ್ಲ. ಎಲ್ಲರ ಕಣ್ಣು ಅವಳ ಕಡೆ ತಿರುಗಿತು.

“ನನ್ನೇನ್ ನೋಡ್ತೀರಾ? ಬೆಳಗ್ಗಿಂದ ಅದೇ ಕೂಗಿ ಗಂಟ್ಲು ಹೋಗೈತೆ. ಮನೇಲೂ ಕೂಗ್ಲಾ?” ಎಂದು ಒಳಗೆ ಹೋದಳು. ಪಾತ್ರೆಗಳು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿದವು. ಧರಣೇಶ ಚಪ್ಪಲಿ ಹುಡುಕತೊಡಗಿದ. ಬಲಗಾಲಿಗೆ ಚಪ್ಪಲಿ ಸರಿಯಾಗಿ ಹೊಕ್ಕಿದೆಯೇ ಎಂದು ಅವನು ಈಗ ಬಗ್ಗಿ ಕಣ್ಣಲ್ಲೇ ನೋಡಬೇಕು. ಅವನು ಹಾಗೆ ಬಗ್ಗಿ ನೋಡುತ್ತಿರುವಾಗ ಪಾತ್ರೆಗಳ ಸದ್ದು ನಿಂತಿತು.

ಅವಳು ಹೊರಗೆ ಬಂದಳು. ನೇರ ಷೆಲ್ಫಿಗೆ ಬಂದು ಗಣೇಶನನ್ನು ಪಕ್ಕಕ್ಕೆ ಸರಿಸಿ ನನ್ನನ್ನು ಎತ್ತಿಕೊಂಡಳು. ಸೆರಗಿಲ್ಲದ್ದರಿಂದ ಖಾಕಿ ತೋಳಿಗೇ ಒರೆಸಿ ದೂಳು ತೆಗೆದಳು. ಹೆಬ್ಬೆರಳು ಹಳೆಯ ಜಾಗಕ್ಕೆ ಬಂದು ಕೂತಿತು. ಟಿಕೆಟ್ ಕೊಟ್ಟು ಕೊಟ್ಟು ಒರಟಾಗಿತ್ತು, ಬಲ ಮಾತ್ರ ಅದೇ!

ಧರಣೇಶ ನನ್ನನ್ನು ನೋಡಿದ. ನನ್ನ ಗೇಣುದ್ದದ ವೈರನ್ನು, ಈಳಿಗೆಮಣೆ ಕೊಯ್ದ ಅದರ ತುದಿಯನ್ನು ನೋಡಿದ.

“ಇನ್ನೂ ಇಟ್ಕಂಡಿದೀಯಾ?”

“ಹೂಂ.” ಅವಳು ಸೋಫಾದ ಮೇಲೆ ಕೂರಲಿಲ್ಲ, ಅವನ ಹಿಂದೆ ನಿಂತಳು. “ಇದ್ರ ವೈರು ಎಲ್ಲೂ ಸಿಕ್ಕಿಸಿಲ್ಲ. ಗೊತ್ತಿರ್ಲಿ.”

“ಗೊತ್ತು.” ಅವನ ದನಿ ಸಣ್ಣದಾಗಿತ್ತು.

“ಆದ್ರೂ ನಾನು ಒತ್ತೋಗಂಟ ನೀನು ಹೊರಡಂಗಿಲ್ಲ.”

“ಇಲ್ಲ ಕಣವ್ವ. ಹೊರಡಲ್ಲ.”

ಅವನು ಬಿಳಿಯವನನ್ನು ಎತ್ತಿಕೊಂಡ. ಕುಮುದ ಪರದೆಯ ಹತ್ತಿರಕ್ಕೆ ಬಗ್ಗಿ ಹಿಂಬಾಗಿಲು ನೋಡಿದಳು, ಮುಂಬಾಗಿಲು ನೋಡಿದಳು. “ಒಳಗ್ ನಡೀರಿ, ಒಳಗ್ ನಡೀರಿ,” ಎಂದು ಬೊಂಬೆಗಳಿಗೂ ಗದರಿದಳು. ಅವಸರ ಮಾಡಲಿಲ್ಲ. ಆಮೇಲೆ ನನ್ನ ಕೆಂಪು ಗುಂಡಿಯನ್ನು ಎರಡು ಸಲ ಒತ್ತಿದಳು, ಟಕ್ ಟಕ್. “ರೈಟ್!”

ಬಸ್ಸು ಹೊರಟಿತು.

ಈಗ ದಿನಾ ಸಂಜೆ ಇದೇ ಆಟ. ಧರಣೇಶ ಇಂಡಿಕೇಟರು ಹಾಕದೆ ತಿರುಗುವುದಿಲ್ಲ, ಕೆರೆ ಏರಿಯ ಮೇಲೆ ಓವರ್‌ಟೇಕ್ ಮಾಡುವುದಿಲ್ಲ. ಆಟ ಹೇಗಿದೆ ಎಂದು ಪುಟ್ಟತಾಯಮ್ಮನವರು ಕೇಳಿದರೆ, “ರಸ್ತೆ ಚೆನ್ನಾಗೈತೆ, ಕಂಡಕ್ಟ್ರು ಸ್ವಲ್ಪ ಜೋರು,” ಎನ್ನುತ್ತಾನೆ. ಕುಮುದ ಸುಮ್ಮಸುಮ್ಮನೆ “ಹೋಲ್ಡಾನ್!” ಎಂದು ಕೂಗಿ ಅವನ ಬಸ್ಸು ನಿಲ್ಲಿಸುತ್ತಾಳೆ. ಹಸಿರು ಬೈಕಿನ ಬಾಕಿ ಅದು, ನಿಧಾನವಾಗಿ ವಸೂಲಾಗುತ್ತಿದೆ.

ನನಗೆ ವಯಸ್ಸಾಗಿದೆ. ಮೈ ಹಳದಿಯಾಗಿದೆ, ಒಂದು ತಿರುಪು ಉದುರಿಹೋಗಿದೆ. ಎರಡು ಕೆಂಪು ಗುಂಡಿಗಳಲ್ಲಿ ಒಂದು ಈಚೆಗೆ ಒಂಚೂರು ಮೆತ್ತಗಾಗಿದೆ, ಸವೆಯಲು ಶುರುವಾಗಿರಬೇಕು. ಅದನ್ನು ಯಾರಿಗಾದರೂ ತೋರಿಸಬೇಕೆನ್ನಿಸುತ್ತದೆ. ಗುಜರಿಗೆ ಹೋದ ಅಣ್ಣ ಈಗ ಎದುರಿಗಿದ್ದರೆ ಮೊದಲು ಅವನಿಗೇ ತೋರಿಸುತ್ತಿದ್ದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಬಿಳಿಯವನ ನೀಲಿ ದೀಪ ಕಂಡರೆ ಈಗಲೂ ಕಣ್ಣು ಉರಿಯುತ್ತದೆ.

ಸ್ಟಾರ್ಟ್ ಗುಂಡಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ಹೇಳುತ್ತಿರುವ ಹೊತ್ತಿಗೆ ಹಾಸನದ ಬಸ್ಸು ಜನ ತುಂಬಿಕೊಂಡು ನಿಂತಿದೆ, ಎಂಜಿನ್ನು ಗುರುಗುಡುತ್ತಿದೆ, ಧರಣೇಶನ ಬೆರಳು ಬಿಳಿಯವನ ಮೇಲೆ ಸಿದ್ಧವಾಗಿದೆ. ಕುಮುದ ಒಂದು ಕೈಯಲ್ಲಿ ನನ್ನನ್ನು ಹಿಡಿದು ಇನ್ನೊಂದು ಕೈಯಲ್ಲಿ ಕಾಫಿ ಕುಡಿಯುತ್ತಿದ್ದಾಳೆ. ಅವಳ ಲೋಟದಲ್ಲಿ ಇನ್ನೂ ಅರ್ಧವಿದೆ.

ಕಾಯಲಿ ಬಿಡಿ, ಬಿಳಿಯವನು.